ಮನೆ ನಲ್ಲಿಯಿಂದ ಅಳಿವೆಯವರೆಗೆ: ದಕ್ಷಿಣ ಪಿನಾಕಿನಿಯ ಜೊತೆ ಆರು ದಿನ

ನಮ್ಮ ಮನೆ ವಿಲ್ಸನ್ ಗಾರ್ಡನ್‌ನಲ್ಲಿದೆ. ಎರಡು ಬೀದಿ ದಾಟಿದರೆ ರಾಜಕಾಲುವೆ. ಚಿಕ್ಕವಳಿದ್ದಾಗ ಅದಕ್ಕೆ ನಾವು ಮೋರಿ ಅಂತಲೇ ಅನ್ನುತ್ತಿದ್ದೆವು. ಅದು ಒಂದು ನದಿಯ ತಲೆ ಅಂತ ಯಾರೂ ಹೇಳಿರಲಿಲ್ಲ.

2020ರ ಜುಲೈಯಿಂದ ನಾನು ಪ್ರತಿ ಭಾನುವಾರ ಬೆಳಗ್ಗೆ ಏಳೂವರೆಗೆ ವರ್ತೂರಿಗೆ ಹೋಗುತ್ತೇನೆ. ಕೆರೆಯಿಂದ ಆಚೆ ಹೋಗುವ ಕಾಲುವೆಗೆ ಅಲ್ಲೊಂದು ಸಣ್ಣ ಸೇತುವೆ ಇದೆ. ಅದರ ಕಲ್ಲುಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಸೆಂಟಿಮೀಟರ್ ಗುರುತು ಹಾಕಿಕೊಂಡಿದ್ದೇವೆ. ನೀರು ಯಾವ ಗೆರೆಗೆ ನಿಂತಿದೆ, ಬಣ್ಣ ಹೇಗಿದೆ, ನೊರೆ ಇದೆಯಾ, ವಾಸನೆ ಎಷ್ಟು, ನೀರು ಎಷ್ಟು ಬೆಚ್ಚಗಿದೆ ಅಂತ ಬರೆದುಕೊಳ್ಳುತ್ತೇನೆ. ಹತ್ತು ನಿಮಿಷದ ಕೆಲಸ. ಐದು ವರ್ಷದ ಮೇಲಾಯಿತು, ನಾಲ್ಕು ನೋಟ್‌ಬುಕ್ ತುಂಬಿವೆ.

ಈ ನೋಟ್‌ಬುಕ್‌ಗಳನ್ನು ಶ್ರದ್ಧೆಯಿಂದ ಓದಿದವರು ನಮ್ಮ ಮೇಷ್ಟ್ರು. ಕುಮಟಾ ಕಡೆಯವರು. ಬೆಂಗಳೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದರು. ಪ್ರತಿ ಬೇಸಿಗೆ ರಜೆಗೆ ಊರಿಗೆ ಹೋಗಿ ಅಘನಾಶಿನಿ ನದಿಯ ಕೆಸರಿನಲ್ಲಿ ಏಡಿ, ಬಳಚು (ಚಿಪ್ಪಿಮೀನು) ಎಣಿಸುತ್ತಿದ್ದವರು. ಹೋದ ದೀಪಾವಳಿಗೆ ಮನೆಗೆ ಬಂದಾಗ ನಾಲ್ಕೂ ಪುಸ್ತಕ ತಿರುವಿ ಹಾಕಿ ಹೇಳಿದರು: “ಇದು ಅರ್ಧ ಪುಸ್ತಕ ತಂಗಿ. ನೀರು ಹೊರಡೋದನ್ನ ಬರ್ದಿದ್ದಿ. ಮುಟ್ಟೋದನ್ನ ಯಾರು ಬರೀತಾರೆ?”

ಹಾಗೆ ಹುಟ್ಟಿದ್ದು, ನಮ್ಮ ನೀರು ಸೇರುವ ದಕ್ಷಿಣ ಪಿನಾಕಿನಿಯ ಜೊತೆ ಸಮುದ್ರದವರೆಗೆ ಹೋಗುವ ಈ ಪ್ರವಾಸ. ಹೊರಟವರು ನಾಲ್ಕು ಜನ. ಮೇಷ್ಟ್ರು, ನಾನು, ಹೊಸೂರಿನಲ್ಲಿ ಬೆಳೆದು ಕನ್ನಡ ತಮಿಳು ಎರಡನ್ನೂ ನೀರಿನ ಹಾಗೆ ಮಾತಾಡುವ ನನ್ನ ಗೆಳತಿ, ಮತ್ತೆ ಪಿಯುಸಿ ಓದುತ್ತಿರುವ ಅಣ್ಣನ ಮಗ.

ಮೊದಲ ದಿನ, ಗುರುವಾರ

ಸಂಕ್ರಾಂತಿ. ಅಕ್ಕಪಕ್ಕದ ಮನೆಗಳಿಗೆ ಎಳ್ಳುಬೆಲ್ಲ ಹಂಚಿ ಹತ್ತು ಗಂಟೆಗೆ ಮೆಜೆಸ್ಟಿಕ್ ತಲುಪಿದೆವು.

ಬೆಂಗಳೂರು ಒಂದು ದಿಬ್ಬದ ಮೇಲಿರುವ ಊರು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರ. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈಗಿನ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಮೆಜೆಸ್ಟಿಕ್ ಕಡೆಯಿಂದ ಹೊರಟು ಶಾಂತಿನಗರ, ವಿಲ್ಸನ್ ಗಾರ್ಡನ್, ಈಜೀಪುರದ ಮೇಲೆ ಬೆಳ್ಳಂದೂರಿಗೆ ಹೋಗುವ ರಾಜಕಾಲುವೆಗೆ ಸರ್ಕಾರಿ ಕಾಗದಗಳಲ್ಲಿ ಕೆ-100 ಅಂತ ಹೆಸರು. ಇತ್ತೀಚಿನ ವರ್ಷಗಳಲ್ಲಿ ಅದರ ದಂಡೆ ಸರಿಮಾಡಿ, ಜನ ನಡೆದಾಡೋ ಹಾಗೆ ಮಾಡಿದ್ದಾರೆ. ಅದರ ಪಕ್ಕವೇ ನಡೆದೆವು.

ಹುಡುಗನ ಕೈಯಲ್ಲಿ ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಇತ್ತು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುತ್ತದೆ. ಬೆಳಗ್ಗೆ ಮನೆಯ ನಲ್ಲಿ ನೀರನ್ನು ಅಳೆದು ಬಂದಿದ್ದ. ಶಾಂತಿನಗರದ ಹತ್ತಿರ ಹಗ್ಗಕ್ಕೆ ಚೊಂಬು ಕಟ್ಟಿ ಕಾಲುವೆಯ ನೀರೆತ್ತಿದಾಗ ಅಂಕಿ ಎರಡು ಪಟ್ಟಿಗಿಂತ ಜಾಸ್ತಿ ಬಂತು.

“ಅತ್ತೆ, ಇದು ನಮ್ಮನೆ ನೀರೇನಾ?” ಅಂದ.

ಹೌದು, ಬಹುಪಾಲು ನಮ್ಮನೆ ನೀರೇ. ನಾವು ಕುಡಿಯೋದು ಕಾವೇರಿ. ಸುಮಾರು 100 ಕಿಲೋಮೀಟರ್ ಆಚೆ, ತೊರೆಕಾಡನಹಳ್ಳಿಯಿಂದ ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾದ ಮೇಲೆ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಸೇರಿತು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಬಳಸಿದ ನೀರಾಗಿ ವಾಪಸ್ ಹೋಗುತ್ತದೆ ಅನ್ನೋದು ಎಂಜಿನಿಯರುಗಳ ಲೆಕ್ಕ. ಪೂರ್ವ ಬೆಂಗಳೂರಿನಲ್ಲಿ ಅದು ಇಳಿಯುವುದು ಪಿನಾಕಿನಿ ಕಡೆಗೆ. ಪೂಂಪುಹಾರ್‌ನಲ್ಲಿ ಸಮುದ್ರ ಸೇರಬೇಕಾಗಿದ್ದ ಕಾವೇರಿ ನೀರನ್ನು ನಾವು ಅಡುಗೆಮನೆ ಬಚ್ಚಲಲ್ಲಿ ಬಳಸಿ, ಕಡಲೂರಿನ ಕಡೆ ಹೋಗುವ ನದಿಗೆ ಬಿಡುತ್ತಿದ್ದೇವೆ. ಎರಡು ನದಿಗಳ ಹಣೆಬರಹವನ್ನು ನಮ್ಮ ನಲ್ಲಿಗಳು ಬದಲಾಯಿಸಿವೆ. ಈ ಮಾತು ನನ್ನನ್ನು ಆರೂ ದಿನ ಬಿಡಲಿಲ್ಲ.

ಸಂಜೆ ಬೆಳ್ಳಂದೂರಿನ ಒಂದು ಹಳೇ ಬೀದಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಿದ್ದರು. ಕೊಂಬಿಗೆ ಬಣ್ಣ, ಕೊರಳಿಗೆ ಹೂವು. ಸುತ್ತಲೂ ಗಾಜಿನ ಕಟ್ಟಡಗಳು. ಹುಲ್ಲಿನ ಬೆಂಕಿ ದಾಟುವಾಗ ಒಂದು ಹೋರಿ ಎಷ್ಟು ಚಂದ ಜಿಗಿಯಿತು ಅಂದರೆ ಮೇಷ್ಟ್ರು ಮಗುವಿನ ಹಾಗೆ ಕೈತಟ್ಟಿದರು.

ಎರಡನೇ ದಿನ, ಶುಕ್ರವಾರ

ಬೆಳ್ಳಂದೂರು ಕೆರೆ ಸುಮಾರು 900 ಎಕರೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರೆಲ್ಲ ಬಂದು ಸೇರುವ ಜಾಗ. 2015ರಲ್ಲಿ, 2017ರಲ್ಲಿ, 2018ರಲ್ಲಿ ಈ ಕೆರೆಗೆ ಬೆಂಕಿ ಬಿದ್ದಿತ್ತು. ಸೋಪಿನ ಅಂಶ, ಚರಂಡಿ ನೀರು ಸೇರಿ ತೂಬಿನಲ್ಲಿ ಧುಮುಕುವಾಗ ಏಳುತ್ತಿದ್ದ ನೊರೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಬಡಿಯುತ್ತಿತ್ತು. ಈಗ ಹೂಳು ತೆಗೆಯುವ ಕೆಲಸ ನಡೆದಿದೆ. ದಂಡೆಯಲ್ಲಿ ಜೊಂಡು, ಅಂತರಗಂಗೆ ಇನ್ನೂ ಇವೆ. ಬೆಳಗಿನ ಮಂಜಿನಲ್ಲಿ ಒಂದಷ್ಟು ಬೆಳ್ಳಕ್ಕಿ.

ಬೆಳ್ಳಂದೂರಿಗೆ ಬರುವ ನೀರಿನಲ್ಲಿ ದೊಡ್ಡ ಪಾಲು ಇಲ್ಲಿಂದ ಕೆಳಗೆ ಹರಿಯುವುದೇ ಇಲ್ಲ. ಕೆ.ಸಿ. ವ್ಯಾಲಿ (ಇದೇ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಸಂಸ್ಕರಿಸಿ 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಇಷ್ಟು ವರ್ಷ ನಮ್ಮೂರಿಂದ ಎಷ್ಟು ನೀರು ಹರಿಯುತ್ತಿತ್ತು, ಈಗ ಎಷ್ಟು, ಅನ್ನೋದಕ್ಕೆ ಉತ್ತರ ಬೇಕಾದರೆ ಒಂದೇ ಜಾಗದಲ್ಲಿ, ಒಂದೇ ರೀತಿ, ವರ್ಷಗಟ್ಟಲೆ ಅಳೆದಿರಬೇಕು.

ನನ್ನ ಸೇತುವೆಗೆ ಬಂದಾಗ ಹನ್ನೊಂದು ಗಂಟೆ. ಶುಕ್ರವಾರ ಯಾವತ್ತೂ ಇಲ್ಲಿಗೆ ಬಂದಿರಲಿಲ್ಲ. ಮೇಷ್ಟ್ರು ಕಲ್ಲಿನ ಮೇಲೆ ಕೂತು ಗುರುತುಗಳನ್ನು ಬಹಳ ಹೊತ್ತು ನೋಡಿದರು. ಕೆಳಗಿನ ಗೆರೆಗಳು ಕಪ್ಪು ಜಿಡ್ಡಿನಲ್ಲಿ ಮುಚ್ಚಿಹೋಗಿವೆ. ಪ್ರತಿ ಮೂರು ತಿಂಗಳಿಗೊಮ್ಮೆ ತೆಂಗಿನ ನಾರಿನಿಂದ ಉಜ್ಜಬೇಕು. 92ನೇ ಗೆರೆಯ ಮೇಲೆ ಕಲ್ಲಿನ ಬಣ್ಣವೇ ಬೇರೆ, ಒಣಗಿದ ಮಣ್ಣಿನ ಬಣ್ಣ. 140ರ ಹತ್ತಿರ ಕಲ್ಲಿನ ಸಂದಿಯಲ್ಲಿ ಒಂದು ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿದೆ. ಅದು 2022ರ ಸೆಪ್ಟೆಂಬರ್‌ನದು. ಆ ಭಾನುವಾರ ರಾತ್ರಿ ಸುರಿದ ಮಳೆಗೆ ಹೊರವರ್ತುಲ ರಸ್ತೆ ಮುಳುಗಿ, ಜನರನ್ನು ಟ್ರ್ಯಾಕ್ಟರ್ ಮೇಲೆ, ದೋಣಿ ಮೇಲೆ ಸಾಗಿಸಿದರಲ್ಲ, ಆಗ ಈ ಗೋಡೆಯೇ ಕಾಣುತ್ತಿರಲಿಲ್ಲ. ನೀರು ಇಳಿದ ಮೇಲೆ ಬಂದು ನೋಡಿದಾಗ ಆ ಚೂರು ಎಲ್ಲಿಯವರೆಗೆ ನೀರು ಬಂದಿತ್ತು ಅಂತ ಹೇಳಿತು. ಅದನ್ನು ನಾನು ಕೀಳಲಿಲ್ಲ.

“ನಿನ್ನ ಒಂದು ದಿನದ ಅಳತೆಗೆ ಅಂಥ ಬೆಲೆ ಇಲ್ಲ,” ಮೇಷ್ಟ್ರು ಹುಡುಗನಿಗೆ ಹೇಳಿದರು. “ಇವತ್ತು 61 ಇದೆ. ಜಾಸ್ತಿನಾ ಕಡಿಮೆನಾ? ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ನಿಮ್ಮತ್ತೆಗೆ ಗೊತ್ತು. ಯಾಕಂದ್ರೆ ಅವಳ ಹತ್ರ ಹಿಂದಿನ ಐದು ಜನವರಿ ಇವೆ.”

ಒಂದು ವಿಷಯ ಹೇಳಲೇಬೇಕು. ಇದನ್ನು ಶುರುಮಾಡುವ ಮೊದಲು ಇದೇ ಕಾಲುವೆಯ ಹಳೇ ಅಳತೆಗಳಿಗಾಗಿ ಒಂದು ಕಚೇರಿಗೆ ಮೂರು ಸಲ ಹೋಗಿದ್ದೆ. ಮೂರನೇ ಸಲ ಅಲ್ಲಿನವರು, ಹಳೇ ರಿಜಿಸ್ಟರ್‌ಗಳನ್ನು ಜಾಗ ಸಾಲದು ಅಂತ ಹೋದ ವರ್ಷವೇ ರದ್ದಿಗೆ ಹಾಕಿದೆವು ಅಂದರು. ಯಾರೋ ಒಬ್ಬ ಮನುಷ್ಯ ಬಿಸಿಲಲ್ಲಿ ಮಳೆಯಲ್ಲಿ ನಿಂತು ಬರೆದದ್ದು ಕೆ.ಜಿ. ಲೆಕ್ಕದಲ್ಲಿ ಹೋಯಿತಲ್ಲ ಅಂತ ಮನೆಗೆ ಬಂದು ಕಣ್ಣೀರು ಹಾಕಿದೆ. ಕೆರೆಯ ಹೂಳು ತೆಗೆಯಬಹುದು. ಕಳೆದುಹೋದ ವರ್ಷಗಳನ್ನು ಮತ್ತೆ ಅಳೆಯೋಕಾಗಲ್ಲ.

ಹೀಗಲ್ಲದೆ ಜೋಪಾನ ಮಾಡಿದವರೂ ನಮ್ಮೂರಲ್ಲೇ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೆ ಕಾಡಿನಲ್ಲಿ 50 ಹೆಕ್ಟೇರ್ ಜಾಗ ಗುರುತಿಸಿ, ಒಂದೊಂದು ಮರಕ್ಕೂ ನಂಬರ್ ಕೊಟ್ಟರು. ಅಂದಿನಿಂದ ಯಾವ ಮರ ಸತ್ತಿತು, ಯಾವ ಸಸಿ ಬಂತು ಅಂತ ವರ್ಷವರ್ಷ ಲೆಕ್ಕ ಇಟ್ಟಿದ್ದಾರೆ. ಕಾಡಿಗೆ ಮಾಡಿದ್ದನ್ನು ಕಾಲುವೆಗೆ, ನದಿ ಸಮುದ್ರ ಸೇರುವ ಅಳಿವೆಗೆ ಯಾಕೆ ಮಾಡಬಾರದು?

ಸಂಜೆ ಮುಗಳೂರಿನಲ್ಲಿ ನಿಜವಾದ ನದಿ ಸಿಕ್ಕಿತು. ನಂದಿಬೆಟ್ಟದ ಕಡೆ ಹುಟ್ಟಿ ಹೊಸಕೋಟೆ ಮೇಲೆ ಬಂದ ಪಿನಾಕಿನಿಗೆ ಬೆಂಗಳೂರಿನ ನೀರು ಸೇರಿ ಹರಿಯುತ್ತಿದೆ. ಹಿಂದೆ ಮಳೆಗಾಲದಲ್ಲಿ ಮಾತ್ರ ಬರುತ್ತಿದ್ದ ಹೊಳೆ ಈಗ ವರ್ಷಪೂರ್ತಿ ಹರಿಯುತ್ತದೆ. ದಡದ ತೋಟದಲ್ಲಿ ಸೊಪ್ಪು ಕೀಳುತ್ತಿದ್ದ ಹಿರಿಯರೊಬ್ಬರು, “ನೀರಿಗೇನು ಕಮ್ಮಿ ಇಲ್ಲಮ್ಮ. ಆದ್ರೆ ಕಾಲಿಟ್ರೆ ನವೆ ಬರುತ್ತೆ,” ಅಂದರು. ಸೇತುವೆ ಕೆಳಗೆ ಬಿಳೀ ನೊರೆ ಗುಂಪು ಗುಂಪಾಗಿ ತೇಲಿ ಹೋಗುತ್ತಿತ್ತು.

ಮೂರನೇ ದಿನ, ಶನಿವಾರ

ಇದು ಓಡಾಟದ ದಿನ. ಹೊಸೂರಿನ ಗೆಳತಿಯ ತವರಿನಲ್ಲಿ ತಿಂಡಿ ತಿಂದು ಕೆಲವರಪಲ್ಲಿ ಅಣೆಕಟ್ಟೆ ನೋಡಿದೆವು. ಬೆಂಗಳೂರು ದಾಟಿದ ಪಿನಾಕಿನಿಯ ಮೊದಲ ದೊಡ್ಡ ಕಟ್ಟೆ ಇದು. ಗೇಟಿನ ಕೆಳಗೆ ಅದೇ ನೊರೆ. ಗೆಳತಿಯ ತಾಯಿಗೆ ಅದು ಹೊಸದಲ್ಲ. “ನಿಮ್ಮೂರಲ್ಲಿ ಜೋರು ಮಳೆ ಬಂದ ಮಾರನೇ ದಿನ ನಮ್ಮೂರಲ್ಲಿ ಗೊತ್ತಾಗುತ್ತೆ ಕಣಮ್ಮ,” ಅಂದರು. ಬೈಗುಳ ಇರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ಇನ್ನಷ್ಟು ನಾಟಿತು.

ಮಧ್ಯಾಹ್ನ ಕೃಷ್ಣಗಿರಿ ಅಣೆಕಟ್ಟೆ, 1957ರದು. ರಾತ್ರಿ ತಿರುವಣ್ಣಾಮಲೆ. ದಾರಿಯುದ್ದಕ್ಕೂ ಮೇಷ್ಟ್ರು ಅಘನಾಶಿನಿಯ ಕತೆ ಹೇಳಿದರು. ಅಲ್ಲಿ ನದಿಗೆ ಅಡ್ಡ ಒಂದೂ ಅಣೆಕಟ್ಟೆ ಇಲ್ಲ. ಸಮುದ್ರದ ಉಪ್ಪುನೀರು ಒಳಗೆ ಬರುವ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಹೆಂಗಸರು ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಆರಿಸುತ್ತಾರೆ. 2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. “ಪಟ್ಟಿಗೆ ಸೇರಿದ್ದು ದೊಡ್ಡದೇ. ಆದ್ರೆ ಮೊದ್ಲು ಎಷ್ಟು ಬಳಚು ಇತ್ತು ಅಂತ ಬರ್ದಿಟ್ಟಿದ್ರೆ ತಾನೇ ಈಗ ಕಮ್ಮಿಯಾಯ್ತು ಅಂತ ಜಗಳ ಆಡ್ಲಿಕ್ಕೆ ಆಗೋದು?” ಅಂದರು.

ನಾಲ್ಕನೇ ದಿನ, ಭಾನುವಾರ

ಏಳೂವರೆಗೆ ನನ್ನ ಜೀವವೆಲ್ಲ ವರ್ತೂರಿನಲ್ಲಿತ್ತು. ಸೇತುವೆ ಪಕ್ಕದ ಟೀ ಅಂಗಡಿಯವರಿಗೆ ಹೇಳಿ ಬಂದಿದ್ದೆ. ಏಳು ಮೂವತ್ತೆರಡಕ್ಕೆ ಫೋಟೋ ಬಂತು. ಗೋಡೆ, ನೀರು, ಗೆರೆ. ಕೆಳಗೆ “58 ಅಕ್ಕ, ನೊರೆ ಸ್ವಲ್ಪ ಐತೆ” ಅಂತ ಬರೆದಿದ್ದರು. ಇಷ್ಟು ವರ್ಷ ನಾನು ಒಬ್ಬಳೇ ಓದಬೇಕು ಅಂದುಕೊಂಡಿದ್ದೆನಲ್ಲ, ಆ ಗಂಟು ಅವತ್ತು ಬಿಚ್ಚಿತು.

ಸಾತನೂರು ಅಣೆಕಟ್ಟೆಯ ಮೇಲೆ ನಿಂತಾಗ ನೀರು ಕನ್ನಡಿಯ ಹಾಗಿತ್ತು. ಇದೇ ಕಟ್ಟೆಯಿಂದ 2024ರ ಡಿಸೆಂಬರ್ 2ರ ನಸುಕಿನಲ್ಲಿ, ಫೆಂಗಲ್ ಚಂಡಮಾರುತದ ಮಳೆಗೆ, ಒಂದೂವರೆ ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಿಡಬೇಕಾಯಿತು. ವಿಲ್ಲುಪುರಂ, ಕಡಲೂರು ಜಿಲ್ಲೆಗಳ ಊರುಗಳು ಮುಳುಗಿದವು. ಬೇಸಿಗೆಯಲ್ಲಿ ಇಲ್ಲಿಂದ ಕೆಳಗೆ ನದಿಯಲ್ಲಿ ಮರಳೇ ಜಾಸ್ತಿ. ಮೇಷ್ಟ್ರು ಇಲ್ಲೇ ನನ್ನನ್ನು ಎಚ್ಚರಿಸಿದರು. ಬೆಂಗಳೂರಿನ ನೀರು ನೇರವಾಗಿ ಸಮುದ್ರಕ್ಕೆ ಹೋಗುತ್ತದೆ ಅಂತ ಬರೆಯಬೇಡ. ಮೂರು ಕಟ್ಟೆಗಳು ಅದನ್ನು ತಡೆದು ಹಿಡಿದಿವೆ, ಹೊಲಗಳು ಕುಡಿದಿವೆ, ಬೇರೆ ಹಳ್ಳಗಳು ಸೇರಿವೆ. ಕೆಳಗೆ ಮುಟ್ಟುವ ಒಂದು ಕೊಡ ನೀರಿನಲ್ಲಿ ನಿನ್ನ ಊರಿನ ಪಾಲೆಷ್ಟು ಅಂತ ಕಣ್ಣಳತೆಯಲ್ಲಿ ಹೇಳುವ ಹಾಗಿಲ್ಲ. ನೀರಿನ ಜೊತೆ ಮರಳು, ಹೂಳೂ ಕಟ್ಟೆಯಲ್ಲಿ ನಿಲ್ಲುತ್ತವೆ. ಅಳಿವೆಗೆ ಬೇಕಾದ ಮಣ್ಣು ಮೇಲೆಯೇ ಉಳಿಯುತ್ತದೆ.

ಸಂಜೆ ಕಡಲೂರು. ಊರ ಪಕ್ಕದ ಹಿನ್ನೀರಿಗೆ ಉಪ್ಪನಾರು ಅಂತ ಹೆಸರು. ಉಪ್ಪಿನ ಆರು, ಉಪ್ಪಿನ ಹೊಳೆ. ನಮಗೂ ಅನುವಾದ ಬೇಕಾಗದ ಹೆಸರು. ಅದರ ದಡದಲ್ಲೇ ದೊಡ್ಡ ಕೈಗಾರಿಕಾ ಎಸ್ಟೇಟ್. ಕತ್ತಲಾಗಿತ್ತು, ಜಾಸ್ತಿ ನೋಡಲಾಗಲಿಲ್ಲ.

ಐದನೇ ದಿನ, ಸೋಮವಾರ

ಹಿಂದಿನ ದಿನ ಅಮಾವಾಸ್ಯೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಉಬ್ಬರ ಇಳಿತಗಳ ಅಂತರ ಜಾಸ್ತಿ. ಮೇಷ್ಟ್ರು ಈ ದಿನವನ್ನು ಲೆಕ್ಕ ಹಾಕಿಯೇ ಪ್ರವಾಸ ಹೊಂದಿಸಿದ್ದರು. ಗೆಳತಿಯ ಲೆಕ್ಕ ಬೇರೆ ಇತ್ತು. ತಮಿಳರ ಥೈ ತಿಂಗಳ ಐದನೇ ದಿನ ಪೆಣ್ಣೈ ನದಿಯ (ತಮಿಳಿನಲ್ಲಿ ಪಿನಾಕಿನಿಗೆ ಈ ಹೆಸರು) ದಡದಲ್ಲಿ ‘ಆಟ್ರು ತಿರುವಿಳಾ’, ಅಂದರೆ ನದಿ ಹಬ್ಬ. ಎರಡೂ ಒಂದೇ ದಿನಕ್ಕೆ ಬಂದವು.

ಬೆಳಗ್ಗೆ ಐದೂವರೆಗೆ ತಾಳಂಗುಡಾ ಎಂಬ ಮೀನುಗಾರರ ಊರಿನಲ್ಲಿದ್ದೆವು. ನಮ್ಮ ಪಿನಾಕಿನಿ, ಇವರ ತೆನ್‌ಪೆಣ್ಣೈ, ಬಂಗಾಳ ಕೊಲ್ಲಿ ಸೇರುವುದು ಇಲ್ಲಿ. 2004ರ ಡಿಸೆಂಬರ್ 26ರಂದು ಸುನಾಮಿ ಈ ದಂಡೆಗೆಲ್ಲ ಅಪ್ಪಳಿಸಿತ್ತು. ನದಿ ಇಲ್ಲಿ ಅಗಲವಾಗಿ, ಸುಮ್ನೆ ಮಲಗಿದ ಹಾಗಿದೆ. ಮುಂದೆ ಉದ್ದಕ್ಕೆ ಒಂದು ಮರಳ ದಿಣ್ಣೆ, ನಡುವೆ ಬಾಯಿ. ಬೆಂಗಳೂರಲ್ಲಿ ನಾವು ಕೋಡಿ ಅಂದರೆ ಕೆರೆ ತುಂಬಿ ಹರಿಯುವ ಜಾಗ. ಕರಾವಳಿಯಲ್ಲಿ ಕೋಡಿ ಅಂದರೆ ನದಿ ಸಮುದ್ರ ಸೇರುವಲ್ಲಿ ಚಾಚಿದ ನೆಲದ ತುದಿ, ಕೋಡಿ ಬೆಂಗ್ರೆ ಅಂತೀವಲ್ಲ ಹಾಗೆ. ಎರಡೂ ನೀರು ದಾಟಿ ಹೋಗುವ ಜಾಗಗಳೇ ಅಲ್ವಾ?

ದೋಣಿ ನಿಲ್ಲಿಸುವ ಜಾಗದಲ್ಲಿ ಮೀನು ಬುಟ್ಟಿ ಜೋಡಿಸುತ್ತಿದ್ದ ಅಕ್ಕನೊಬ್ಬರನ್ನು ಗೆಳತಿ ಮಾತಾಡಿಸಿದಳು. ಅರವತ್ತು ದಾಟಿದವರು. ಅವರ ಮಗ ನಮ್ಮ ಗುರುತು ಹಾಕಿದ ಬಿದಿರನ್ನು ಕೆಸರಿಗೆ ಗಟ್ಟಿಯಾಗಿ ಹುಗಿದುಕೊಟ್ಟ. ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ಓದುವುದು ಹುಡುಗನ ಕೆಲಸ. ಉಪ್ಪು ನೋಡುವುದು ನನ್ನದು.

ಉಪ್ಪು ನೋಡುವ ಯಂತ್ರ ಒಂದು ಗೇಣುದ್ದದ ದುರ್ಬೀನಿನ ಹಾಗಿರುತ್ತದೆ. ತುದಿಯ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಮುಚ್ಚಳ ಹಾಕಿ, ಬೆಳಕಿನ ಕಡೆ ಹಿಡಿದು ನೋಡಬೇಕು. ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಕೂಡುವ ಗೆರೆ ಯಾವ ಅಂಕಿಯ ಮೇಲಿದೆಯೋ ಅಷ್ಟು ಉಪ್ಪು. ವರ್ತೂರಿನ ನೀರು ಹಾಕಿದರೆ ಗೆರೆ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ತೆರೆದ ಸಮುದ್ರದಲ್ಲಿ 35ರ ಸುಮಾರು, ಅಂದರೆ ಒಂದು ಕೆ.ಜಿ. ನೀರಿನಲ್ಲಿ 35 ಗ್ರಾಂ. ಆರು ಗಂಟೆಗೆ ದೋಣಿಯಿಂದ ಬಗ್ಗಿ ಮೇಲಿನ ನೀರು ತೆಗೆದೆ. ಗೆರೆ 4ರ ಮೇಲೆ. ಆಮೇಲೆ ಕಲ್ಲು ಕಟ್ಟಿದ ಬಾಟಲಿಯನ್ನು ತಳಕ್ಕೆ ಇಳಿಸಿ, ಹಗ್ಗ ಎಳೆದು ಬಿರಡೆ ಬಿಚ್ಚಿ, ತಳದ ನೀರು ತುಂಬಿಸಿಕೊಂಡೆವು. ಅದರಲ್ಲಿ ಗೆರೆ 19ರ ಮೇಲೆ!

ಒಂದೇ ಜಾಗ, ಒಂದೇ ಹೊತ್ತು, ಎರಡು ನೀರು. ಸಿಹಿನೀರು ಹಗುರ, ಮೇಲೆ ಸಮುದ್ರಕ್ಕೆ ಹೋಗುತ್ತಿದೆ. ಉಪ್ಪುನೀರು ಭಾರ, ಅದರ ಹೊಟ್ಟೆಯಡಿ ನುಸುಳಿ ಒಳಗೆ ಬರುತ್ತಿದೆ. ಎಂಟೂವರೆ ಹೊತ್ತಿಗೆ ಬಿದಿರಿನ ಮೇಲೆ ನೀರು ಏರೋದು ನಿಂತಿತು. ಆಗ ಮೇಲೆ 22, ತಳದಲ್ಲಿ 31. ಮಧ್ಯಾಹ್ನ ಎರಡೂವರೆಗೆ ನೀರು 60 ಸೆಂಟಿಮೀಟರ್ ಇಳಿದು, ಕೆಸರು ತೆರೆದುಕೊಂಡಿತು. ಬಿಲಗಳಿಂದ ಸಣ್ಣ ಏಡಿಗಳು ಹೊರಗೆ ಬಂದವು. ಗಂಡಿಗೆ ಒಂದೇ ಕೈ ದೊಡ್ಡದು, ಅದನ್ನು ಎತ್ತಿ ಎತ್ತಿ ಕರೆಯುವ ಹಾಗೆ ಬೀಸುತ್ತವೆ. ಒಂದು ಮೀಟರ್ ಚೌಕದ ಪೈಪಿನ ಚೌಕಟ್ಟು ಕೆಸರಿನ ಮೇಲಿಟ್ಟು ಬಿಲಗಳನ್ನು ಎಣಿಸಿದೆವು. ಮೇಷ್ಟ್ರು ಮೊಣಕಾಲೂರಿ, ಕನ್ನಡಕ ಒರೆಸಿಕೊಳ್ಳುತ್ತಾ, ಎರಡು ಸಲ ಎಣಿಸಿದರು. ಎಪ್ಪತ್ತು ದಾಟಿದ ಮನುಷ್ಯ ಕೆಸರಿನ ಒಂದು ಚೌಕವನ್ನು ಅಷ್ಟು ಗೌರವದಿಂದ ನೋಡುವುದನ್ನು ನಾನು ಮರೆಯಲಾರೆ.

ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಾ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇದರ ಮೇಲೆ ಹದಿನೈದು ದಿನದ ಏರಿಳಿತ. ಅದರ ಮೇಲೆ ಮಳೆಗಾಲ ಬೇಸಿಗೆ. ಎಲ್ಲದರ ಮೇಲೆ ಚಂದ್ರನ ದಾರಿಯ ಓರೆ ಬದಲಾಗುವ ಇನ್ನೊಂದು ಸುತ್ತು, ಅದಕ್ಕೆ 18.6 ವರ್ಷ. ಸಮುದ್ರದ ಸರಾಸರಿ ಮಟ್ಟ ಸರಿಯಾಗಿ ಹೇಳಬೇಕಾದರೆ 19 ವರ್ಷ ಅಳೆಯಬೇಕು ಅನ್ನುವುದು ಅದಕ್ಕೇ. ಮುಂಬೈಯ ಉಬ್ಬರಮಾಪಕದ ದಾಖಲೆ 1878ರಿಂದ ಇದೆ. ಕಡಲು ಏರುತ್ತಿದೆ ಅಂತ ಅಂಥ ಕಡೆ ಧೈರ್ಯವಾಗಿ ಹೇಳಬಹುದು. ಸಣ್ಣ ಅಳಿವೆಗಳ ಒಳಗಿನ ಹಳ್ಳಗಳಲ್ಲಿ ಏನಾಗುತ್ತಿದೆ ಅಂತ ಹೇಳೋಕೆ ಅಲ್ಲೇ ಯಾರಾದರೂ ಕೋಲು ನೆಟ್ಟು ಕೂರಬೇಕು.

ಕೋಲಿಲ್ಲದೆಯೂ ಲೆಕ್ಕ ಇಟ್ಟವರು ಆ ಅಕ್ಕ. ಗೆಳತಿ ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿದಳು. ಚಿತ್ತಿರೈ, ಅಂದರೆ ಏಪ್ರಿಲ್-ಮೇ ಹೊತ್ತಿಗೆ ನದಿಯ ಬಾಯಿಗೆ ಮರಳು ಕಟ್ಟಿಕೊಳ್ಳುತ್ತದೆ. ಒಳಗಿನ ನೀರು ಬಿಸಿಯಾಗಿ ಹಸಿರಾಗುತ್ತದೆ. ಸಿಗಡಿ ಮರಿಗಳು ಒಳಗೆ ಬರುವುದಿಲ್ಲ. ಐಪ್ಪಸಿ, ಅಂದರೆ ಅಕ್ಟೋಬರ್-ನವೆಂಬರ್ ಮಳೆಗೆ ನದಿ ಬಂದು ಬಾಯಿ ಒಡೆಯಬೇಕು. “ಬಾಯಿ ತೆರೆದಿದ್ದರೆ ನಮ್ಮ ಒಲೆ ಉರಿಯುತ್ತದೆ,” ಅಂದರು. ಅವರು ಇನ್ನೊಂದು ಮಾತು ಕೇಳಿದರು. ಮೇಲೆ ನಿಮ್ಮೂರಲ್ಲಿ ನದಿ ಹೇಗಿದೆ? ನಾನು ನೊರೆಯ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಫೋನ್ ವಾಪಸ್ ಕೊಟ್ಟು, ನನ್ನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡರು.

ಸಂಜೆ ನದಿಯ ಮರಳಿನ ಮೇಲೆ ಜಾತ್ರೆ. ಸುತ್ತಲ ಊರಿನ ದೇವರುಗಳೆಲ್ಲ ಮೆರವಣಿಗೆಯಲ್ಲಿ ಬಂದು ನದಿಯಲ್ಲಿ ತೀರ್ಥಸ್ನಾನ ಮಾಡುತ್ತವೆ. ಬೇಯಿಸಿದ ಗೆಡ್ಡೆಗೆಣಸು, ಕಬ್ಬು, ಬಲೂನು, ನಾದಸ್ವರ. ಮೇಲಿನೂರಿನವರಾದ ನಾವು ಆ ನೀರಿಗೆ ಕೈಮುಗಿದೆವು. ನನಗೆ ಗಂಟಲು ಕಟ್ಟಿತ್ತು.

ಆರನೇ ದಿನ, ಮಂಗಳವಾರ

ಬೆಂಗಳೂರಿಗೆ ತಿರುಗುವ ಮೊದಲು ದಕ್ಷಿಣಕ್ಕೆ ಚಿದಂಬರದ ಹತ್ತಿರ ಪಿಚ್ಚಾವರಂಗೆ ಹೋದೆವು. ಕಾಂಡ್ಲ (ಮ್ಯಾಂಗ್ರೋವ್) ಕಾಡಿನ ಒಳಗೆ ಸಣ್ಣ ಸಣ್ಣ ಉಪ್ಪುನೀರಿನ ಕಾಲುವೆಗಳು, ಮೇಲೆ ಕೊಂಬೆಗಳ ಚಪ್ಪರ. ಉಪ್ಪಟಿ ಮರದ ಎಲೆಯನ್ನು ಹುಡುಗ ನಾಲಿಗೆಗೆ ಮುಟ್ಟಿಸಿ ನೋಡಿದ. ಮರ ತನ್ನೊಳಗಿನ ಉಪ್ಪನ್ನು ಎಲೆಯ ಮೇಲೆ ಹೊರಹಾಕುತ್ತದೆ. ಹಿಂದೆ ಮರ ಕಡಿದ ಜಾಗಗಳಲ್ಲಿ ನೆಲ ತಟ್ಟೆಯ ಹಾಗೆ ತಗ್ಗಾಗಿ, ಉಬ್ಬರದ ನೀರು ನಿಂತು ಒಣಗಿ, ಉಪ್ಪು ಏರಿ ಏನೂ ಬೆಳೆಯದಾಗಿತ್ತು. ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನದವರು ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿ, ಉಬ್ಬರದ ನೀರು ಬಂದು ಹೋಗುವ ಹಾಗೆ ಮಾಡಿದರು. ಕಾಡು ವಾಪಸ್ ಬಂತು. ನೀರಿನ ಲೆಕ್ಕ ತಿಳಿದಿದ್ದರಿಂದ ಆದ ಕೆಲಸ ಅದು.

ಕಾಂಡ್ಲದ ನೆಲ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದು ಹೇಗೆ ಅಂತ ಹುಡುಗ ಕೇಳಿದ. ಮೇಷ್ಟ್ರು ದೋಣಿಯಲ್ಲೇ ಪಾಠ ಮಾಡಿದರು. ಕೆಸರಿನ ಮೇಲೆ ಬಿಳೀ ಕಲ್ಲಿನ ಪುಡಿ ಹರಡಿ ಬಿಡುತ್ತಾರೆ. ಒಂದೆರಡು ವರ್ಷ ಬಿಟ್ಟು ಅಲ್ಲೇ ಒಂದು ತುಂಡು ಕೆಸರನ್ನು ಕೊರೆದು ತೆಗೆದರೆ, ಕೇಕಿನ ಪದರದ ಹಾಗೆ ಬಿಳಿ ಗೆರೆ ಕಾಣುತ್ತದೆ. ಅದರ ಮೇಲೆ ಕೂತಷ್ಟು ಹೊಸ ಮಣ್ಣು. ಪಕ್ಕದಲ್ಲಿ ಗಟ್ಟಿ ನೆಲ ತಾಗುವವರೆಗೆ ಕಬ್ಬಿಣದ ಸರಳು ಇಳಿಸಿ, ಅದಕ್ಕೆ ಅಡ್ಡತೋಳು ಜೋಡಿಸಿ, ಅದರಿಂದ ಸಣ್ಣ ಕಡ್ಡಿಗಳನ್ನು ಕೆಸರಿಗೆ ಮುಟ್ಟಿಸಿ ಮಿಲಿಮೀಟರ್ ಲೆಕ್ಕದಲ್ಲಿ ಓದುತ್ತಾರೆ. ಅಳೆಯುವವರು ಅದೇ ಕೆಸರಿನ ಮೇಲೆ ಕಾಲಿಡುವ ಹಾಗಿಲ್ಲ, ಹಲಗೆ ಹಾಕಿಕೊಂಡು ನಿಲ್ಲಬೇಕು. “ನೋಡೋಕೆ ಹೋದವನ ಹೆಜ್ಜೆಯೇ ಅಳತೆ ಕೆಡಿಸ್ಬಾರ್ದಲ್ಲ ಮಾರಾಯ,” ಅಂದರು.

ರಾತ್ರಿ ಎರಡು ಗಂಟೆಗೆ ಮನೆ. ಮಾರನೇ ದಿನ ಐದನೇ ನೋಟ್‌ಬುಕ್ ತಂದು, ಪ್ರತಿ ಪುಟದ ಮಧ್ಯೆ ಒಂದು ಉದ್ದ ಗೆರೆ ಎಳೆದೆ. ಎಡಕ್ಕೆ ವರ್ತೂರು, ಬಲಕ್ಕೆ ತಾಳಂಗುಡಾ. ನಾವು ಹೊರಡುವಾಗ ಆ ಅಕ್ಕನ ಮಗ ಬಿದಿರನ್ನು ಕೀಳಬೇಡಿ ಅಂದಿದ್ದ. ಹುಣ್ಣಿಮೆ ಅಮಾವಾಸ್ಯೆಗೆ ಒಂದು ಫೋಟೋ ಕಳಿಸ್ತೀನಿ ಅಂದಿದ್ದ. ಎರಡು ವಾರ ಬಲಗಡೆ ಖಾಲಿ ಇತ್ತು.

ಫೆಬ್ರವರಿ ಮೊದಲ ಭಾನುವಾರ ಹುಣ್ಣಿಮೆ. ಸೇತುವೆಯ ಮೇಲೆ ನಿಂತು 57 ಅಂತ ಬರೆಯುತ್ತಿದ್ದೆ. ಫೋನ್ ಸದ್ದಾಯಿತು. ಬಿದಿರು ಸ್ವಲ್ಪ ವಾಲಿದೆ. ಹಿಂದೆ ಮರಳ ದಿಣ್ಣೆ, ಬಾಯಿ ಇನ್ನೂ ತೆರೆದೇ ಇದೆ. ನೀರು ಮುಟ್ಟಿದ ಗುರುತಿನ ಪಕ್ಕ ಮೀನಿನ ಹೊಳೆಯುವ ಚೂರು ಅಂಟಿದ ಒಂದು ಬೆರಳು, ಇಲ್ಲಿ ನೋಡು ಅಂತ ತೋರಿಸುತ್ತಿತ್ತು. ಅದು ಮಗನ ಕೈಯಲ್ಲ, ಅಕ್ಕನ ಕೈ.